ಹಸಿರು ಓದಿಗೊಂದು ದಾರಿ

ಸುಸ್ಥಿರ ಬದುಕಿನ ಬಗ್ಗೆ ಗಂಭೀರವಾಗಿ ಓದಬೇಕೆನಿಸಿದೆಯೇ? ಹೊಸ ಪುಸ್ತಕ ತರಿಸುವ ಮೊದಲು ಹತ್ತಿರದ ಕಾಲೇಜು ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿಬನ್ನಿ. ಅಲ್ಲಿ ಪುಸ್ತಕಗಳನ್ನು ಡ್ಯೂಯಿ ವರ್ಗೀಕರಣ ಪದ್ಧತಿಯಲ್ಲಿ ಜೋಡಿಸಿದ್ದರೆ 333.7 ಸಂಖ್ಯೆಯ ಕಪಾಟು ಹುಡುಕಿ. ನೈಸರ್ಗಿಕ ಸಂಪನ್ಮೂಲಗಳ ಪುಸ್ತಕಗಳು ಅಲ್ಲಿರುತ್ತವೆ. ಮಾಲಿನ್ಯ, ಕಸ ವಿಲೇವಾರಿಯ ವಿಚಾರ ಬೇಕಿದ್ದರೆ 363.7.

ಪುಸ್ತಕ ಕೈಗೆ ಬಂದಕೂಡಲೇ ಮುನ್ನುಡಿ ಬಿಟ್ಟು ಕೊನೆಯ ಪುಟಗಳನ್ನು ತಿರುವಿ. ಆಕರಗಳ ಪಟ್ಟಿಯೇ ಇಲ್ಲವೆಂದರೆ ಅದು ಅಧ್ಯಯನವಲ್ಲ, ಬರೀ ಉಪದೇಶ. ಪಟ್ಟಿಯಿದ್ದರೆ, ಎರಡು-ಮೂರು ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಶೀರ್ಷಿಕೆಯನ್ನು ಬರೆದಿಟ್ಟುಕೊಳ್ಳಿ; ಮುಂದೆ ಓದಬೇಕಾದ್ದು ಅದೇ. ಮುದ್ರಣದ ವರ್ಷವನ್ನೂ ಗಮನಿಸಿ. ಸೌರಫಲಕದ ಲೆಕ್ಕಾಚಾರ ಹತ್ತು ವರ್ಷದಲ್ಲಿ ಹಳತಾಗುತ್ತದೆ. ಆದರೆ ಮಾಧವ ಗಾಡ್ಗೀಳ್, ರಾಮಚಂದ್ರ ಗುಹಾ ಸೇರಿ ಬರೆದ, 1992ರ ‘ದಿಸ್ ಫಿಶರ್ಡ್ ಲ್ಯಾಂಡ್’ ಇಂದಿಗೂ ಓದಬೇಕಾದ ಪುಸ್ತಕ.

ಗ್ರಂಥಾಲಯ ದೂರವೇ? ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬರೀ ‘ಪರಿಸರ’ ಎಂದು ಹುಡುಕಬೇಡಿ, ನಿಮ್ಮ ಜಿಲ್ಲೆಯ ಇಲ್ಲವೇ ನದಿಯ ಹೆಸರನ್ನೂ ಸೇರಿಸಿ.

ಕೊನೆಗೊಂದು ಮಾತು: ಎರವಲು ತಂದ ಪುಸ್ತಕಕ್ಕೆ ಹೊಸ ಕಾಗದ ಬೇಕಿಲ್ಲ. ಓದಿ, ಹೇಳಿದ ದಿನಕ್ಕೆ ಹಿಂದಿರುಗಿಸಿ. ಹಸಿರು ಬದುಕು ಅಲ್ಲಿಂದಲೇ ಶುರುವಾಗಲಿ.