ಅಭಿರುಚಿಗೆ ಆರು ಸೂತ್ರಗಳು

"ಕಲೆ, ಸಾಹಿತ್ಯ ನನಗೆ ತಿಳಿಯೋದಿಲ್ಲ" ಎಂದು ಕೈಚೆಲ್ಲುವವರು ಬಹಳ. ಅಭಿರುಚಿ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಮನಸ್ಸು ತೆರೆದು ನೋಡಿ, ಕೇಳಿ, ಓದಿದವರಿಗೆ ಒಲಿಯುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆ ಬೇಕಾದದ್ದೆಲ್ಲ ಮನೆಯ ಹತ್ತಿರವೇ ಇದೆ.

1. ಪೂರ್ತಿ ನೋಡಿ, ಆಮೇಲೆ ತೀರ್ಪು ಕೊಡಿ. 'ಸಂಗ್ಯಾ ಬಾಳ್ಯಾ' ಬೈಲಹೊಂಗಲದ ಕಥೆ. ಈ ಸಣ್ಣಾಟವನ್ನು ಅರ್ಧ ತಾಸು ನೋಡಿ ಎದ್ದರೆ ಕಿವಿಯಲ್ಲಿ ಉಳಿಯುವುದು ಬರೀ ಗದ್ದಲ. ಬೆಳಗಿನವರೆಗೆ ಕೂತವರಿಗೆ ಬಾಳ್ಯಾನ ಗೆಳೆತನ ದ್ರೋಹಕ್ಕೆ ತಿರುಗುವ ಗಳಿಗೆ ಎದೆಗೆ ನಾಟುತ್ತದೆ.

2. ಒಂದನ್ನೇ ಹತ್ತಿರದಿಂದ ಗಮನಿಸಿ. ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ನುಡಿಸುವವರ ಪಕ್ಕ ಹತ್ತು ನಿಮಿಷ ನಿಲ್ಲಿ. ಇರುವುದು ಒಂದೇ ತಂತಿ. ಅದು ಬಿಗಿಯಾದಾಗ ನಾದ ಏರುತ್ತದೆ, ಸಡಿಲಾದಾಗ ಬಾಗಿ ಇಳಿಯುತ್ತದೆ. ಇದನ್ನು ಹಿಡಿದ ಕಿವಿ ನಾಳೆ ಸಿತಾರನ್ನೂ ಎಚ್ಚರದಿಂದ ಕೇಳುತ್ತದೆ.

3. ಕಣ್ಣಿಗೂ ಕೆಲಸ ಕೊಡಿ. ಸವದತ್ತಿ ತಾಲ್ಲೂಕಿನ ಹೂಲಿಗೆ ಹೋಗಿ, ಪಂಚಲಿಂಗೇಶ್ವರ ಗುಡಿಯ ಒಂದು ಕಂಬದ ಮುಂದೆ ಕೂತು, ಮೊಬೈಲ್ ಕಿಸೆಯಲ್ಲಿಟ್ಟು, ಅದನ್ನು ಕಾಗದದ ಮೇಲೆ ಬಿಡಿಸಿ. ಚಿತ್ರ ಸೊಟ್ಟಗಾಗಲಿ, ಚಿಂತೆಯಿಲ್ಲ. ಫೋಟೊ ತೆಗೆಯುವಾಗ ತಪ್ಪಿಹೋಗುವ ಗೆರೆಗಳೆಲ್ಲ ಆಗ ಕಾಣುತ್ತವೆ.

4. ಕಠಿಣವೆಂದು ಕೈಬಿಡಬೇಡಿ. ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರ 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ಪುಸ್ತಕವನ್ನು ದಿನಕ್ಕೆ ಎರಡೇ ಪುಟ ಓದಿ. ಬೇಸರವಾದರೆ ಮುಚ್ಚಿಡಿ, ತಿಂಗಳು ಬಿಟ್ಟು ಮತ್ತೆ ತೆರೆಯಿರಿ.

5. ನಿನ್ನೆಯ ಮೆಚ್ಚುಗೆಗೆ ಜೋತುಬೀಳಬೇಡಿ. ಏಣಗಿ ಬಾಳಪ್ಪನವರು ಹರೆಯದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದರು. ಮುಂದೆ ಅವರೇ ಬಸವೇಶ್ವರನಾಗಿ ಜನರ ಮನಸ್ಸಿನಲ್ಲಿ ನಿಂತರು. ಮೊದಲಿನ ಪಾತ್ರಗಳೇ ಬೇಕೆಂದು ಪ್ರೇಕ್ಷಕರು ಹಟ ಹಿಡಿದಿದ್ದರೆ ಆ ಬಸವಣ್ಣನನ್ನು ಕಾಣುತ್ತಿರಲಿಲ್ಲ.

6. ಯಾಕೆ ಹಿಡಿಸಿತು, ಒಂದು ಸಾಲು ಬರೆದಿಡಿ. "ಚಲೋ ಇತ್ತು" ಎಂದರೆ ಸಾಲದು. ರಾಮದುರ್ಗ ತಾಲ್ಲೂಕಿನ ಗೊಡಚಿ ಜಾತ್ರೆಯಲ್ಲಿ ಪುರವಂತರ ಯಾವ ಒಡಪಿಗೆ ಮೈ ಜುಮ್ಮೆಂದಿತು? ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಯಾವ ಹಾಡಿಗೆ ಎದ್ದು ಹೋಗಬೇಕೆನಿಸಿತು? ಹಿಡಿಸದ್ದಕ್ಕೂ ಕಾರಣ ಬರೆಯಿರಿ.

ವರ್ಷದ ಮೇಲೆ ಆ ವಹಿ ತೆರೆದು ನೋಡಿ. ಹಿಡಿಸದವುಗಳ ಪಟ್ಟಿಯಲ್ಲಿ ಎರಡಾದರೂ ಈಗ ಹಿಡಿಸುತ್ತಿದ್ದರೆ, ನಿಮ್ಮ ಅಭಿರುಚಿ ಬೆಳೆದಿದೆ ಎಂದೇ ತಿಳಿಯಿರಿ.