ಯಾವ ಉತ್ತರ ಯಾವ ಮೇಲ್‌ಗೆ?

ಇಮೇಲ್ ಹುಡುಕಿಕೊಡುವ ಲೈಬ್ರರಿಗೆ ಎರಡು ಕೆಲಸ. ಲಕ್ಷಗಟ್ಟಲೆ ಮೇಲ್‌ಗಳ ಪದಗಳನ್ನು ಇಂಡೆಕ್ಸ್ ಮಾಡಿಟ್ಟು ಕೇಳಿದ ಕ್ಷಣ ತೆಗೆದುಕೊಡುವುದು ಒಂದು. ಯಾವ ಉತ್ತರ ಯಾವ ಮೇಲ್‌ಗೆ ಬಂತೆಂದು ಪತ್ತೆಹಚ್ಚಿ ಇಡೀ ಮಾತುಕತೆಯನ್ನು ಒಂದು ಥ್ರೆಡ್ ಆಗಿ ತೋರಿಸುವುದು ಇನ್ನೊಂದು. ಮೊದಲನೆಯದಕ್ಕೆ ಜೇಪಿಯನ್, ಲೂಸೀನ್, ಎಸ್‌ಕ್ಯೂಲೈಟ್‌ನಂಥ ಪಳಗಿದ ಸಾಧನಗಳಿವೆ. ಎರಡನೆಯದರಲ್ಲಿ ಬಹುಪಾಲು ನಿರ್ಧಾರ ನಮ್ಮದೇ. ಈ ಕೆಲಸ ಮಾಡುತ್ತ ನನ್ನಲ್ಲಿ ಬೇರೂರಿದ ನಂಬಿಕೆ ಇದು: ಒಂದೇ ಮಾತುಕತೆ ಎರಡಾಗಿ ಕಂಡರೆ ನಷ್ಟ ಸಣ್ಣದು, ಪಟ್ಟಿಯಲ್ಲಿ ಒಂದು ಸಾಲು ಹೆಚ್ಚು. ಸಂಬಂಧವಿಲ್ಲದ ಎರಡು ಮಾತುಕತೆ ಒಂದಾದರೆ ಮಾತ್ರ ಮೇಲ್ ಬಂದದ್ದೇ ಓದುವವರಿಗೆ ತಿಳಿಯದೆ ಹೋಗಬಹುದು. ಕೆಳಗಿನ ಪಾಠಗಳಲ್ಲಿ ಹೆಚ್ಚಿನವು ಈ ನಂಬಿಕೆಯಿಂದಲೇ ಹುಟ್ಟಿದವು.

1. ಸಾಕ್ಷಿಗಳಲ್ಲೂ ಮೇಲು ಕೀಳುಂಟು

ಪ್ರತಿ ಮೇಲ್‌ಗೂ ಸಾಮಾನ್ಯವಾಗಿ ಒಂದು ಮೆಸೇಜ್-ಐಡಿ ಇರುತ್ತದೆ. ಉತ್ತರದ ಮೇಲ್‌ನಲ್ಲಿ ಇನ್-ರಿಪ್ಲೈ-ಟು ಹೆಡರ್ ತಾಯಿಮೇಲ್‌ನ ಐಡಿಯನ್ನು ಹೇಳುತ್ತದೆ. ರೆಫರೆನ್ಸಸ್ ಹೆಡರ್ ಅದರ ಹಿಂದಿನ ತಲೆಮಾರುಗಳನ್ನೂ ಸಾಲಾಗಿ ಹೇಳುತ್ತದೆ, ಕೊನೆಯದು ತಾಯಿ. ರೆಫರೆನ್ಸಸ್ ಇದ್ದರೆ ಅದನ್ನೇ ನಂಬಿ. 1982ರ ಇಮೇಲ್ ಮಾನದಂಡವಾದ ಆರ್‌ಎಫ್‌ಸಿ 822ರ ಪ್ರಕಾರ ಇನ್-ರಿಪ್ಲೈ-ಟುನಲ್ಲಿ ಸಾಮಾನ್ಯ ವಾಕ್ಯವನ್ನೂ ಬರೆಯಬಹುದಿತ್ತು. ಐಡಿ ಮಾತ್ರ ಇರಬೇಕೆಂಬ ಬಿಗಿ ಬಂದದ್ದು 2001ರ ಆರ್‌ಎಫ್‌ಸಿ 2822ರಲ್ಲಿ. ಹಾಗಾಗಿ ಹಳೆಯ ಸಂಗ್ರಹ ತೆರೆದರೆ ಅಲ್ಲಿ ‘ಇಂಥವರು ಮಂಗಳವಾರ ಬರೆದ ಪತ್ರಕ್ಕೆ’ ಎಂಬ ಧಾಟಿಯ ಸಾಲುಗಳು ಸಿಗುತ್ತವೆ. ಆ ಸಾಲಿನಲ್ಲಿ ಯಾರದೋ ಇಮೇಲ್ ವಿಳಾಸವಿದ್ದರೆ ಅದೂ ಐಡಿಯಂತೆಯೇ ಕಾಣುತ್ತದೆ. ಅದನ್ನು ಐಡಿ ಎಂದುಕೊಂಡ ಪಾರ್ಸರ್, ಆ ವ್ಯಕ್ತಿಗೆ ಹೋದ ಎಲ್ಲ ಉತ್ತರಗಳನ್ನೂ ಒಂದೇ ಥ್ರೆಡ್‌ಗೆ ತುರುಕುತ್ತದೆ.

2. ಬಂದ ಕ್ರಮಕ್ಕೂ ಫಲಿತಾಂಶಕ್ಕೂ ನಂಟಿರಬಾರದು

ಉತ್ತರ ಮೊದಲು ಬಂದು ಮೂಲ ಆಮೇಲೆ ಬರುವುದುಂಟು. ಮೂಲ ಬಾರದೇ ಹೋಗುವುದೂ ಉಂಟು. ಇದಕ್ಕೆ ಇಂದಿಗೂ ನೆಲೆಗಟ್ಟಾಗಿ ನಿಂತಿರುವುದು ನೆಟ್‌ಸ್ಕೇಪ್ ಮೇಲ್‌ಗಾಗಿ ಜೇಮೀ ಜವಿನ್‌ಸ್ಕಿ ರೂಪಿಸಿದ ವಿಧಾನ. ಕ, ಖ, ಗ ಎಂಬ ಮೂರು ಮೇಲ್ ಇವೆಯೆನ್ನಿ. ಕೊನೆಯ ‘ಗ’ ಮೊದಲು ಕೈಸೇರಿತು, ಅದರ ರೆಫರೆನ್ಸಸ್‌ನಲ್ಲಿ ‘ಕ, ಖ’ ಎಂದಿದೆ. ಆಗ ಕ ಮತ್ತು ಖ ಎರಡಕ್ಕೂ ಖಾಲಿ ಮನೆ ಕಟ್ಟಿ, ಗ-ಗೆ ಖ ತಾಯಿ, ಖ-ಗೆ ಕ ತಾಯಿ ಎಂದು ಬರೆದಿಡಬೇಕು. ಮುಂದೆ ಖ ಬಂದಾಗ ತನ್ನ ಮನೆಗೆ ಸೇರುತ್ತದೆ. ಅದು ‘ನನ್ನ ತಾಯಿ ಬೇರೆ’ ಎಂದರೆ ಅದರ ಮಾತೇ ನಡೆಯಬೇಕು. ತನ್ನ ಬಗ್ಗೆ ಮೇಲ್ ತಾನೇ ಹೇಳುವುದು, ಇನ್ನೊಂದು ಮೇಲ್ ಅದರ ಬಗ್ಗೆ ಹೇಳುವುದಕ್ಕಿಂತ ಗಟ್ಟಿ ಸಾಕ್ಷಿ. ತಾಯಿ-ಮಗು ಎಂದು ಜೋಡಿಸುವ ಮುನ್ನ ಪ್ರತಿ ಸಲವೂ ಸುತ್ತು ಬೀಳುತ್ತದೆಯೇ ನೋಡಿ. ಕೆಟ್ಟ ಹೆಡರ್‌ಗಳಲ್ಲಿ ಮಗುವೇ ತಾಯಿಯ ತಾಯಿಯಾಗಿರುವುದು ಅಪರೂಪವಲ್ಲ.

ಮೂಲ ವಿಧಾನ ಇಡೀ ಪೆಟ್ಟಿಗೆಯನ್ನು ಒಮ್ಮೆಗೇ ಓದಿ ಲೆಕ್ಕ ಹಾಕುವಂಥದ್ದು. ನಮ್ಮ ಲೈಬ್ರರಿಗೆ ಮೇಲ್ ಒಂದೊಂದಾಗಿ ಬರುತ್ತದೆ, ಹಾಗಾಗಿ ಎರಡು ಹಳೆಯ ಥ್ರೆಡ್‌ಗಳ ನಡುವಿನ ಕೊಂಡಿ ತಡವಾಗಿ ಬಂದರೆ ಅವನ್ನು ಆಗ ಒಂದು ಮಾಡಬೇಕು. ಆ ಕೊಂಡಿಯ ಮೇಲ್ ಅಳಿಸಿಹೋದರೆ? ನಾಟ್‌ಮಚ್ ಎಂಬ ಮೇಲ್ ಹುಡುಕಾಟದ ಸಾಧನ ಇಂಥಲ್ಲಿ ಒಳಗೆ ಏನೂ ಇಲ್ಲದ ‘ಘೋಸ್ಟ್’ ದಾಖಲೆಯನ್ನು ಉಳಿಸಿಕೊಳ್ಳುತ್ತದೆ. ನಾನೂ ಅದೇ ದಾರಿ ಹಿಡಿದೆ. ಅಳಿಸಿದ್ದು ಮೇಲನ್ನು, ಮಾತುಕತೆಯ ನಂಟನ್ನಲ್ಲ.

3. ವಿಷಯದ ಸಾಲು ನೋಡಿ ಜೋಡಿಸುವುದು ಕಟ್ಟಕಡೆಯ ಉಪಾಯ

‘ಬಿಲ್’, ‘ಸಭೆ’, ‘ವರದಿ’ ಎಂಬ ವಿಷಯ ಹೊತ್ತ ಮೇಲ್‌ಗಳು ಒಂದು ಕಚೇರಿಯಲ್ಲಿ ವರ್ಷಕ್ಕೆಷ್ಟು ಓಡಾಡುತ್ತವೆ ನೆನೆಸಿಕೊಳ್ಳಿ. ವಿಷಯ ಒಂದೇ ಎಂಬ ಮಾತ್ರಕ್ಕೆ ಅವನ್ನು ಒಂದು ಮಾಡುವುದು ಸಲ್ಲದು. ಹೆಡರ್ ಸುಳಿವೇ ಇಲ್ಲದಾಗ, ಮೇಲ್ ತಾನು ಉತ್ತರವೆಂದು ‘ರೀ:’ ಹಚ್ಚಿಕೊಂಡಿದ್ದಾಗ, ದಿನಾಂಕವೂ ಹತ್ತಿರದಲ್ಲಿದ್ದಾಗ ಮಾತ್ರ ನಾನು ಜೋಡಿಸುತ್ತೇನೆ. ಆ ‘ರೀ:’ ಕೂಡ ಎಲ್ಲೆಡೆ ಒಂದೇ ಅಲ್ಲ. ಜರ್ಮನ್ ಮೇಲ್‌ಗಳಲ್ಲಿ ‘ಎಡಬ್ಲ್ಯು:’, ಸ್ವೀಡಿಷ್‌ನಲ್ಲಿ ‘ಎಸ್‌ವಿ:’ ಎಂದಿರುತ್ತದೆ. ಜೋಡಿಸಿದ ಕಾರಣವನ್ನೂ ಡೇಟಾಬೇಸ್‌ನಲ್ಲಿ ಬರೆದಿಡಿ: ರೆಫರೆನ್ಸಸ್‌ನಿಂದಲೋ, ವಿಷಯದ ಊಹೆಯಿಂದಲೋ. ಬಳಸುವವರಿಗೆ ಊಹೆಯ ಕೊಂಡಿಯನ್ನು ಬಿಡಿಸುವ ಹಕ್ಕು ಇರಬೇಕು.

ಜೀಮೇಲ್ 2004ರಲ್ಲಿ ಬಂದಾಗಿನಿಂದ ಜನರಿಗೆ ಮಾತುಕತೆಯ ನೋಟವೇ ರೂಢಿ. ಅಲ್ಲಿ ವಿಷಯ ಬದಲಾದರೆ ಅಥವಾ ಮೇಲ್‌ಗಳು 100 ದಾಟಿದರೆ ಹೊಸ ಥ್ರೆಡ್ ಶುರುವಾಗುತ್ತದೆ. ನಿಮ್ಮ ಲೈಬ್ರರಿ ಅದಕ್ಕಿಂತ ಬೇರೆ ಲೆಕ್ಕ ಕೊಟ್ಟರೆ ‘ಯಾಕೆ’ ಎಂದು ಕೇಳುವವರು ಇದ್ದೇ ಇರುತ್ತಾರೆ. ಆ ಕಾರಣದ ದಾಖಲೆ ಆಗ ಉತ್ತರವಾಗುತ್ತದೆ.

4. ಐಡಿ ಒಂದೇ ಎಂದು ಮೇಲನ್ನು ಎಸೆಯಬೇಡಿ

ಗುಂಪಿನ ಮೂಲಕ ಒಂದು, ನೇರವಾಗಿ ಇನ್ನೊಂದು ಎಂದು ಒಂದೇ ಮೇಲ್ ಎರಡು ಸಲ ಬರುತ್ತದೆ. ಐಡಿ ಒಂದೇ, ಅಡಿಬರಹ ಬೇರೆ. ತೋರಿಸುವಾಗ ಒಂದನ್ನೇ ತೋರಿಸಿ, ಆದರೆ ಎರಡೂ ಫೈಲ್‌ಗಳನ್ನು ಉಳಿಸಿ, ಎರಡರ ಪದಗಳನ್ನೂ ಇಂಡೆಕ್ಸ್ ಮಾಡಿ. ಇಲ್ಲವಾದರೆ ಕೇಡು ಬಗೆಯುವವನು ಅದೇ ಐಡಿ ಹಾಕಿ ಇನ್ನೊಂದು ಮೇಲ್ ಕಳಿಸಿ ನಿಜವಾದದ್ದನ್ನು ಮರೆಮಾಡಬಲ್ಲ.

5. ಕನ್ನಡದ ಮೇಲ್ ಹಾಕಿ ನೋಡಿ

ಇದನ್ನು ಎಲ್ಲಕ್ಕಿಂತ ಒತ್ತಿ ಹೇಳಬೇಕು. ಪೈಥಾನ್‌ನ ಮಾಮೂಲಿ ರೆಜೆಕ್ಸ್‌ಗೆ ‘ಕನ್ನಡ’ ಎಂಬ ಪದ ಕೊಟ್ಟು ಪದಗಳನ್ನು ಬೇರೆ ಮಾಡಲು ಹೇಳಿ. ‘ಕನ’, ‘ನಡ’ ಎಂಬ ಎರಡು ತುಂಡು ಸಿಗುತ್ತವೆ. ಹಲಂತ ಚಿಹ್ನೆಯನ್ನೂ ಗುಣಿತದ ಚಿಹ್ನೆಗಳನ್ನೂ ಅದು ಅಕ್ಷರವೆಂದು ಎಣಿಸುವುದೇ ಇಲ್ಲ. ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಎಂಬ ಪಠ್ಯ ಹುಡುಕಾಟದ ಭಾಗ ಕೂಡ ಮೂಲ ಸ್ಥಿತಿಯಲ್ಲಿ ಅಕ್ಷರ ಮತ್ತು ಅಂಕಿಯ ವರ್ಗಗಳನ್ನೇ ಪದದ ಭಾಗವೆಂದು ಎಣಿಸುತ್ತದೆ. ಚಿಹ್ನೆಗಳ ವರ್ಗಗಳನ್ನು ನಾವೇ ಸೇರಿಸಬೇಕು. ‘ಸಾಫ್ಟ್‌ವೇರ್’ನ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ, ಒಬ್ಬರು ಅದನ್ನು ಹಾಕಿ ಟೈಪಿಸುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಇಂಡೆಕ್ಸ್ ಮಾಡುವಾಗಲೂ ಹುಡುಕುವಾಗಲೂ ಅದನ್ನು ತೆಗೆದುಹಾಕಿ. ಇನ್ನು ವಿಭಕ್ತಿ. ‘ಬೆಂಗಳೂರು’ ಎಂದು ಹುಡುಕಿದವರಿಗೆ ‘ಬೆಂಗಳೂರಿಗೆ’ ಇರುವ ಮೇಲ್ ಸಿಗದು, ಪದದ ಆರಂಭ ಹೊಂದಿಸುವ ಹುಡುಕಾಟದಲ್ಲೂ ಸಿಗದು, ಏಕೆಂದರೆ ಕೊನೆಯ ಉಕಾರ ಅಡ್ಡ ಬರುತ್ತದೆ. ಆ ಉಕಾರ ಬಿಟ್ಟು ಹುಡುಕಿದರೆ ಎರಡೂ ಸಿಗುತ್ತವೆ.

ವಿಷಯದ ಸಾಲಿನ ಕಥೆ ಬೇರೆ. 1996ರ ಆರ್‌ಎಫ್‌ಸಿ 2047ರ ಪ್ರಕಾರ ಇಂಗ್ಲಿಷೇತರ ವಿಷಯವನ್ನು ಸಂಕೇತ ತುಂಡುಗಳಾಗಿ ಕಳಿಸಬೇಕು, ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ಯುಟಿಎಫ್-8 ಎಂಬ ಗುರುತಿಗೂ ಚಿಹ್ನೆಗಳಿಗೂ 12 ಹೋದರೆ ಉಳಿಯುವುದು 63, ನಾಲ್ಕು ನಾಲ್ಕಾಗಿ ಸಾಗುವ ಬೇಸ್64ಗೆ ಅದರಲ್ಲಿ ಸಿಗುವುದು 60, ಅಂದರೆ 45 ಬೈಟ್. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಹಾಗಾಗಿ ಒಂದು ತುಂಡಿಗೆ 15 ಸಂಕೇತ ಮಾತ್ರ. ‘ಕ್ಷೇತ್ರ’ ಎಂಬ ಪದವೊಂದೇ 7 ನುಂಗುತ್ತದೆ. ಅಕ್ಷರದ ನಡುವೆ ತುಂಡರಿಸಬಾರದೆಂಬ ನಿಯಮವಿದ್ದರೂ ಬೈಟ್ ಎಣಿಸಿ ಕತ್ತರಿಸುವ ಪ್ರೋಗ್ರಾಂಗಳಿವೆ. ಒಂದೇ ಸಂಕೇತಪದ್ಧತಿಯ ಅಕ್ಕಪಕ್ಕದ ತುಂಡುಗಳ ಬೈಟ್‌ಗಳನ್ನು ಮೊದಲು ಕೂಡಿಸಿ, ಆಮೇಲೆ ಅಕ್ಷರ ಮಾಡಿ. ತುಂಡುತುಂಡಾಗಿ ಬಿಡಿಸಿದರೆ ವಿಷಯದ ಮಧ್ಯೆ ಪ್ರಶ್ನಾರ್ಥಕ ಚೌಕಗಳು ಬೀಳುತ್ತವೆ.

6. ಇಂಡೆಕ್ಸ್ ಅಳಿಸಿದರೂ ಏನೂ ಕಳೆಯಬಾರದು

ಮೇಲ್ ಫೈಲೇ ಮೂಲ ದಾಖಲೆ. ಇಂಡೆಕ್ಸನ್ನು ಯಾವಾಗ ಬೇಕಾದರೂ ಮೊದಲಿನಿಂದ ಕಟ್ಟುವಂತಿರಲಿ. ಬಳಸುವವರು ಹಚ್ಚಿದ ಟ್ಯಾಗ್‌ಗಳು, ಬಿಡಿಸಿದ ಕೊಂಡಿಗಳು ಮಾತ್ರ ಮೇಲ್‌ನಲ್ಲಿಲ್ಲ. ಅವನ್ನು ಸರಳ ಪಠ್ಯವಾಗಿ ಹೊರತೆಗೆಯುವ ದಾರಿ ಮೊದಲ ಆವೃತ್ತಿಯಲ್ಲೇ ಇರಲಿ.

7. ಪರೀಕ್ಷೆಗೆ ತಕ್ಕ ಸಂಗ್ರಹ ಬೇಕು

ಎನ್ರಾನ್ ಕಂಪನಿಯ ಮೇಲ್ ಸಂಗ್ರಹ 2003ರಲ್ಲಿ ಸಾರ್ವಜನಿಕವಾಯಿತು, ಸುಮಾರು 5 ಲಕ್ಷ ಮೇಲ್. ಹುಡುಕಾಟದ ವೇಗ ಅಳೆಯಲು ಸೊಗಸಾದ ಸಾಮಗ್ರಿ. ಥ್ರೆಡ್ ಪರೀಕ್ಷೆಗೆ ಕೆಲಸಕ್ಕೆ ಬಾರದು, ಅದರಲ್ಲಿ ರೆಫರೆನ್ಸಸ್ ಕೊಂಡಿಗಳು ಉಳಿದಿಲ್ಲ. ಅದಕ್ಕೆ ಲಿನಕ್ಸ್ ಕರ್ನಲ್ ಅಭಿವೃದ್ಧಿಯ ಮೇಲ್ ಸಂಗ್ರಹ ಒಳ್ಳೆಯದು. ಉದ್ದನೆಯ ಮಾತುಕತೆ, ಹತ್ತಾರು ಬಗೆಯ ಮೇಲ್ ಪ್ರೋಗ್ರಾಂ, ಎಲ್ಲ ಅಲ್ಲಿವೆ. ಅದರಿಂದ ಒಂದು ತಿಂಗಳ ಮೇಲ್ ತೆಗೆದುಕೊಂಡು, ಕ್ರಮ ಕಲಸಿ ಮತ್ತೆ ಮತ್ತೆ ಇಂಡೆಕ್ಸ್ ಮಾಡಿ, ಥ್ರೆಡ್‌ಗಳನ್ನು ಹೋಲಿಸಿ. ವ್ಯತ್ಯಾಸ ಕಂಡರೆ ಕಲಸಿದ ಆ ಕ್ರಮವನ್ನು ಫೈಲ್‌ನಲ್ಲಿ ಉಳಿಸಿ, ವ್ಯತ್ಯಾಸ ಮಾಯವಾಗದಂತೆ ನೋಡಿಕೊಂಡು ಒಂದೊಂದೇ ಮೇಲ್ ತೆಗೆಯುತ್ತ ಹೋಗಿ. ಕೊನೆಗೆ ಕೈಯಲ್ಲಿ ಉಳಿಯುವ ಆ ನಾಲ್ಕಾರು ಮೇಲ್‌ಗಳನ್ನು ಅವುಗಳ ಹೆಡರ್ ಸಮೇತ ಶಾಶ್ವತ ಪರೀಕ್ಷೆಯಾಗಿ ಸೇರಿಸಿಬಿಡಿ.