ಕತ್ತು–ಹೆಗಲಿನ ನೋವು: ಸ್ನಾಯು ಅಂಗಾಂಶ ಪಾಠದ ಒಂದು ವಿಸ್ತರಣೆ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಅಂಗಾಂಶಗಳು
ಉಪಘಟಕ: ಸ್ನಾಯು ಅಂಗಾಂಶ
ಅವಧಿ: 40 ನಿಮಿಷಗಳ 2 ತರಗತಿಗಳು
ಬೋಧನೋಪಕರಣಗಳು: 1 ಲೀಟರ್ ನೀರಿನ ಬಾಟಲಿಗಳು, 30 ಸೆಂ.ಮೀ. ಅಳತೆಪಟ್ಟಿ, ಪೆನ್ಸಿಲ್, ಒಂದೇ ಬಗೆಯ 1 ರೂಪಾಯಿ ನಾಣ್ಯಗಳು, ಅಸ್ಥಿಪಂಜರದ ಚಾರ್ಟ್

ಪಾಠದ ಆಯ್ಕೆ

ಶಾಲಾ ಇಂಟರ್ನ್‌ಶಿಪ್‌ನಲ್ಲಿ ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ‘ಅಂಗಾಂಶಗಳು’ ಘಟಕವನ್ನು ಬೋಧಿಸಿದೆ. ರೇಖಿತ ಸ್ನಾಯು, ಸ್ನಾಯುರಜ್ಜು, ಅಸ್ಥಿರಜ್ಜು, ಮೃದ್ವಸ್ಥಿ ಎಂಬ ಪದಗಳನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಇವೆಲ್ಲವೂ ತಮ್ಮ ಕತ್ತಿನಲ್ಲೇ, ಈ ಕ್ಷಣದಲ್ಲೇ ಕೆಲಸ ಮಾಡುತ್ತಿವೆ ಎಂಬುದು ಅವರ ಅನುಭವಕ್ಕೆ ಬರುವುದಿಲ್ಲ. ಇತ್ತ ನಾವು ಶಿಕ್ಷಕರು ದಿನಕ್ಕೆ ಹತ್ತು ಸಲ ಹೇಳುವ ಮಾತು ‘ನೆಟ್ಟಗೆ ಕೂತ್ಕೊಳ್ಳಿ’. ಹಾಗೆ ಏಕೆ ಕೂರಬೇಕು, ಎಷ್ಟು ಹೊತ್ತು ಕೂರಬಹುದು ಎಂದು ವಿವರಿಸುವುದು ಅಪರೂಪ. ಈ ಎರಡನ್ನೂ ಜೋಡಿಸಲು ಭಂಗಿಯಿಂದ ಬರುವ ಕತ್ತು–ಹೆಗಲಿನ ನೋವನ್ನು ವಿಸ್ತರಣಾ ಪಾಠವಾಗಿ ತೆಗೆದುಕೊಂಡೆ.

ಉದ್ದೇಶಗಳು

1. ಸ್ನಾಯು ಚಲಿಸದೆ ಬಿಗಿದುಕೊಂಡಿದ್ದಾಗಲೂ ದಣಿಯುತ್ತದೆ ಎಂಬುದನ್ನು ವಿದ್ಯಾರ್ಥಿಯು ಪ್ರಯೋಗದಿಂದ ಗುರುತಿಸುವುದು.
2. ತಲೆ ಮತ್ತು ಕತ್ತನ್ನು ಸನ್ನೆಯ ತತ್ವದಿಂದ ವಿವರಿಸುವುದು.
3. ಸಾಮಾನ್ಯ ನೋವಿಗೆ ಮನೆಯಲ್ಲಿ ಮಾಡಬಹುದಾದ ಉಪಶಮನವನ್ನೂ ವೈದ್ಯರ ಬಳಿ ಹೋಗಲೇಬೇಕಾದ ಲಕ್ಷಣಗಳನ್ನೂ ಬೇರ್ಪಡಿಸಿ ಹೇಳುವುದು.

ತೊಡಗಿಸಿಕೊಳ್ಳುವಿಕೆ

ಇಬ್ಬರು ವಿದ್ಯಾರ್ಥಿಗಳನ್ನು ಮುಂದೆ ಕರೆದೆ. ಒಬ್ಬನು ತುಂಬಿದ ನೀರಿನ ಬಾಟಲಿಯನ್ನು ತೋಳು ಚಾಚಿ ಅಲುಗಾಡಿಸದೆ ಹಿಡಿಯಬೇಕು. ಇನ್ನೊಬ್ಬನು ಅಂಥದ್ದೇ ಬಾಟಲಿಯನ್ನು ನಿಧಾನವಾಗಿ ಎತ್ತಿ ಇಳಿಸುತ್ತಿರಬೇಕು. ಯಾರು ಮೊದಲು ಸೋಲುತ್ತಾರೆ ಎಂದು ಕೇಳಿದಾಗ ಹೆಚ್ಚಿನವರು ಎತ್ತಿ ಇಳಿಸುವವನ ಕಡೆ ಬೆರಳು ತೋರಿದರು. ಆದರೆ ಸ್ವಲ್ಪ ಹೊತ್ತಿಗೇ ಸುಮ್ಮನೆ ಹಿಡಿದವನ ತೋಳು ನಡುಗತೊಡಗಿತು. ‘ಅವನು ಏನೂ ಕೆಲಸ ಮಾಡಿಲ್ಲವಲ್ಲ, ಯಾಕೆ ಸೋತ?’ ಎಂಬ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮುಂದುವರಿಸಿದೆ.

ಉತ್ತರ ಸ್ನಾಯುವಿನ ರಚನೆಯಲ್ಲಿದೆ. ಸ್ನಾಯು ಸಂಕುಚಿಸಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಅದುಮಿಕೊಳ್ಳುತ್ತವೆ. ಸಡಿಲಗೊಂಡಾಗ ರಕ್ತ ಮತ್ತೆ ಹರಿಯುತ್ತದೆ. ಎತ್ತಿ ಇಳಿಸುವವನ ಸ್ನಾಯುವಿಗೆ ಈ ಬಿಡುವು ಪದೇಪದೇ ಸಿಗುತ್ತದೆ. ಹಿಡಿದು ನಿಂತವನಿಗೆ ಸಿಗುವುದಿಲ್ಲ. ತಲೆ ಬಗ್ಗಿಸಿ ಗಂಟೆಗಟ್ಟಲೆ ಬರೆಯುವಾಗ ಅಥವಾ ಮೊಬೈಲ್ ನೋಡುವಾಗ ಕತ್ತಿನ ಹಿಂಭಾಗದ ಸ್ನಾಯುಗಳು ಬಾಟಲಿ ಹಿಡಿದು ನಿಂತವನ ಸ್ಥಿತಿಯಲ್ಲೇ ಇರುತ್ತವೆ.

ಅನ್ವೇಷಣೆ: ನಾಣ್ಯದ ಸನ್ನೆ

ಮಕ್ಕಳು ಗುಂಪುಗಳಲ್ಲಿ ಪೆನ್ಸಿಲ್ ಮೇಲೆ ಅಳತೆಪಟ್ಟಿಯನ್ನು ಸಮತೋಲನಗೊಳಿಸಿದರು. ಒಂದು ಬದಿಗೆ 3 ಸೆಂ.ಮೀ. ದೂರದಲ್ಲಿ 4 ನಾಣ್ಯ ಇಟ್ಟರೆ ಇನ್ನೊಂದು ಬದಿಗೆ 6 ಸೆಂ.ಮೀ. ದೂರದಲ್ಲಿ 2 ನಾಣ್ಯ ಸಾಕು. ಅದೇ 4 ನಾಣ್ಯಗಳನ್ನು 12 ಸೆಂ.ಮೀ.ಗೆ ಸರಿಸಿದರೆ 6 ಸೆಂ.ಮೀ.ನಲ್ಲಿ 8 ನಾಣ್ಯ ಬೇಕು. ಭಾರ ಹೆಚ್ಚಲಿಲ್ಲ, ದೂರ ಮಾತ್ರ ಹೆಚ್ಚಿತು. ಪೆನ್ಸಿಲ್ ಹೊರುವ ನಾಣ್ಯಗಳು ಮಾತ್ರ 6ರಿಂದ 12ಕ್ಕೆ ಏರಿದವು.

ಈಗ ಪೆನ್ಸಿಲ್ ಜಾಗದಲ್ಲಿ ಕತ್ತಿನ ಕೀಲನ್ನು, 4 ನಾಣ್ಯಗಳ ಜಾಗದಲ್ಲಿ ತಲೆಯನ್ನು, ಎದುರು ಬದಿಯ ನಾಣ್ಯಗಳ ಜಾಗದಲ್ಲಿ ಕತ್ತಿನ ಹಿಂಭಾಗದ ಸ್ನಾಯುಗಳನ್ನು ಊಹಿಸಿಕೊಳ್ಳಲು ಹೇಳಿದೆ. ತಕ್ಕಡಿ, ಏತಗಳಂತೆ ಇದೂ ಮೊದಲ ದರ್ಜೆಯ ಸನ್ನೆ.

ವಿವರಣೆ

ವಯಸ್ಕರ ತಲೆಯ ತೂಕ ಸುಮಾರು 5 ಕೆ.ಜಿ. ಅದನ್ನು ಕತ್ತಿನ 7 ಕಶೇರುಮಣಿಗಳು ಹೊರುತ್ತವೆ. ತಲೆ ಹೆಗಲಿನ ನೇರಕ್ಕಿದ್ದಾಗ ಸ್ನಾಯುಗಳಿಗೆ ಶ್ರಮ ಕಡಿಮೆ. ಮುಂದಕ್ಕೆ ಬಗ್ಗಿದಷ್ಟೂ ಹೆಚ್ಚು. 2014ರಲ್ಲಿ ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಪ್ರಕಟಿಸಿದ ಲೆಕ್ಕದ ಪ್ರಕಾರ ತಲೆ 60 ಡಿಗ್ರಿ ಬಗ್ಗಿದಾಗ ಕತ್ತಿನ ಮೇಲೆ ಬೀಳುವ ಬಲ ಸುಮಾರು 27 ಕೆ.ಜಿ. ತೂಕಕ್ಕೆ ಸಮ. ಇದು ಕಂಪ್ಯೂಟರ್ ಮಾದರಿಯಿಂದ ಬಂದ ಲೆಕ್ಕ, ಜೀವಂತ ಕತ್ತಿನಲ್ಲಿ ಅಳೆದದ್ದಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿದೆ. ಕತ್ತು ಬಗ್ಗಿಸಿದ ತಕ್ಷಣ ಮೂಳೆ ಕೆಡುತ್ತದೆ ಎಂಬ ಹೆದರಿಕೆ ಹುಟ್ಟಬಾರದು. ಬಗ್ಗುವುದಕ್ಕೆಂದೇ ಕತ್ತು ಇರುವುದು. ತೊಂದರೆ ಬರುವುದು ಬಗ್ಗಿಸಿದ್ದನ್ನು ಬದಲಿಸದೆ ಇದ್ದಾಗ. ನೆಟ್ಟಗೆ ಕೂತವರೂ ಗಂಟೆಗಟ್ಟಲೆ ಹಾಗೇ ಕೂತರೆ ನೋಯುತ್ತದೆ.

ಹೆಗಲು ಇದರಲ್ಲಿ ಸೇರುವುದು ಟ್ರೆಪೀಜಿಯಸ್ ಎಂಬ ಅಗಲ ಸ್ನಾಯುವಿನಿಂದ. ಅದು ತಲೆಬುರುಡೆಯ ಹಿಂಭಾಗದಿಂದ ಹೊರಟು ಹೆಗಲಿಗೂ ಬೆನ್ನಿನ ನಡುವಿಗೂ ಹರಡಿದೆ. ಆದ್ದರಿಂದ ಕತ್ತಿನ ಬಿಗಿತ ಹೆಗಲಿಗೆ ಇಳಿಯುತ್ತದೆ. ಒಂದೇ ಹೆಗಲಿಗೆ ಬ್ಯಾಗ್ ನೇತುಹಾಕಿದರೂ ಇದೇ ಸ್ನಾಯು ದಣಿಯುತ್ತದೆ. ನಮ್ಮ ರಾಜ್ಯದ 2019ರ ಆದೇಶ 9 ಮತ್ತು 10ನೇ ತರಗತಿಯವರ ಬ್ಯಾಗ್ ತೂಕವನ್ನು 4ರಿಂದ 5 ಕೆ.ಜಿ.ಗೆ ಮಿತಿಗೊಳಿಸಿದೆ.

ವಿಸ್ತರಣೆ: ‘ಮತ್ತೇನ್ ಮಾಡ್ಬೇಕು?’

ಮೊದಲ ತರಗತಿಯ ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ‘ನಮ್ಮವ್ವ ಗಾರ್ಮೆಂಟ್ಸ್‌ಗೆ ಹೋಯ್ತದೆ ಮಿಸ್. ದಿನಾ ತಲೆ ಬಗ್ಗಿಸ್ಕಂಡೇ ಹೊಲೀಬೇಕು. ರಾತ್ರಿ ಕತ್ತು ತಿರುಗ್ಸಕ್ಕಾಗಕಿಲ್ಲ. ಕೆಲ್ಸ ಬುಡಕ್ಕಾಗಕಿಲ್ಲ. ಮತ್ತೇನ್ ಮಾಡ್ಬೇಕು?’ ಎಂದು ಕೇಳಿದಳು. ತರಗತಿ ನಿಶ್ಶಬ್ದವಾಯಿತು. ಇನ್ನೂ ಹಲವರ ಮನೆಯಲ್ಲಿ ಅದೇ ಕೆಲಸ, ಅದೇ ನೋವು.

ಎರಡನೇ ತರಗತಿಯನ್ನು ಪೂರ್ತಿಯಾಗಿ ಈ ಪ್ರಶ್ನೆಗೆ ಕೊಟ್ಟೆ. ‘ವಿಶ್ರಾಂತಿ ತೆಗೆದುಕೊಳ್ಳಿ’ ಎಂಬುದು ಆ ತಾಯಿಗೆ ಉತ್ತರವಾಗುವುದಿಲ್ಲ. ಕೆಲಸ ಬಿಡದೆ ಮಾಡಬಹುದಾದದ್ದು ಏನು ಎಂದು ಬಾಟಲಿ ಮತ್ತು ನಾಣ್ಯದ ಪ್ರಯೋಗಗಳಿಂದಲೇ ಹುಡುಕಿದೆವು. ಬಾಟಲಿಯ ಪಾಠ: ಬಿಡುವು ಚಿಕ್ಕದಾದರೂ ಆಗಾಗ ಇರಲಿ. ಒಂದು ಬಂಡಲ್ ಮುಗಿಸಿ ಇನ್ನೊಂದು ಎತ್ತಿಕೊಳ್ಳುವ ನಡುವಿನ ಕೆಲವು ಸೆಕೆಂಡುಗಳೂ ಸಾಲುತ್ತವೆ. ನಾಣ್ಯದ ಪಾಠ: ತಲೆ ಕೆಲಸದ ಕಡೆ ಬಾಗುವ ಬದಲು ಕೆಲಸ ತಲೆಯ ಕಡೆ ಬರಲಿ. ಸ್ಟೂಲನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಳ್ಳುವುದು, ಮನೆಯಲ್ಲಿ ಪುಸ್ತಕ ಅಥವಾ ಮೊಬೈಲನ್ನು ಕಣ್ಣಿನ ಮಟ್ಟದ ಸಮೀಪಕ್ಕೆ ಎತ್ತುವುದು ಇದರಿಂದಲೇ ಹೊಳೆಯಿತು.

ನಂತರ ಎಲ್ಲರೂ ಕೂತಲ್ಲೇ ಈ ಚಲನೆಗಳನ್ನು ಮಾಡಿದೆವು:

1. ಗದ್ದವನ್ನು ಮೇಲೆ ಕೆಳಗೆ ಮಾಡದೆ ನೇರವಾಗಿ ಹಿಂದಕ್ಕೆ ಎಳೆದು, 5 ಎಣಿಸಿ ಬಿಡುವುದು, 10 ಬಾರಿ.
2. ಬೆನ್ನಿನ ಮೇಲ್ಭಾಗದ ಎರಡು ಹೆಗಲೆಲುಬುಗಳನ್ನು ಒಂದಕ್ಕೊಂದು ಹತ್ತಿರ ತಂದು, 5 ಎಣಿಸಿ ಬಿಡುವುದು; 10 ಬಾರಿ.
3. ಕಿವಿಯನ್ನು ಅದೇ ಬದಿಯ ಹೆಗಲಿನ ಕಡೆ ನಿಧಾನವಾಗಿ ಬಾಗಿಸಿ, ಎಳೆತ ಗೊತ್ತಾದಲ್ಲಿ 20 ಎಣಿಸುವುದು. ಎರಡೂ ಬದಿಗೆ 3 ಬಾರಿ.
4. ಹೆಗಲನ್ನು ಕಿವಿಯ ಕಡೆಗೆತ್ತಿ, ಹಿಂದಕ್ಕೆ ಸುತ್ತಿಸಿ ಇಳಿಸುವುದು, 10 ಬಾರಿ.

ಎಳೆದಂತಾಗುವುದು ಸರಿ, ಚುಚ್ಚಿದಂತೆ ನೋವಾದರೆ ನಿಲ್ಲಿಸಬೇಕು. ನೋವಿರುವಾಗ 15 ನಿಮಿಷ ಬಿಸಿ ಶಾಖ ಕೊಟ್ಟರೆ ಬಿಗಿತ ಸಡಿಲವಾಗುತ್ತದೆ. ಚರ್ಮ ಸುಡದಂತೆ ನಡುವೆ ಬಟ್ಟೆ ಇರಬೇಕು. ಪೂರ್ತಿ ಮಲಗಿಬಿಡುವುದಕ್ಕಿಂತ ಆದಷ್ಟು ಓಡಾಡಿಕೊಂಡಿರುವುದೇ ಮೇಲು. ಇಂಥ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮರುಕಳಿಸದಿರಲು ಹೆಗಲು–ಬೆನ್ನಿನ ಸ್ನಾಯುಗಳಿಗೆ ಬಲ ಬರಬೇಕು. ಗೋಡೆಗೆ ಕೈ ಊರಿ ಮಾಡುವ ದಂಡೆ ಅದಕ್ಕೆ ಸುಲಭದ ದಾರಿ.

ಕತ್ತನ್ನು ರಪ್ಪನೆ ತಿರುಗಿಸಿ ನೆಟಿಗೆ ತೆಗೆಸಬಾರದು ಎಂದು ಒತ್ತಿ ಹೇಳಿದೆ. ಕಶೇರುಮಣಿಗಳ ಪಕ್ಕದಲ್ಲೇ ಮೆದುಳಿಗೆ ರಕ್ತ ಒಯ್ಯುವ ಅಪಧಮನಿಗಳಿವೆ. ಅಪರೂಪಕ್ಕಾದರೂ ಅವುಗಳಿಗೆ ಪೆಟ್ಟಾದರೆ ಪಾರ್ಶ್ವವಾಯು ಆಗಬಹುದು.

ವೈದ್ಯರಿಗೆ ತೋರಿಸಲೇಬೇಕಾದ ಲಕ್ಷಣಗಳು: ತೋಳು ಅಥವಾ ಬೆರಳು ಜೋಮು ಹಿಡಿಯುವುದು, ಕೈಯಲ್ಲಿ ಹಿಡಿದದ್ದು ಜಾರುವುದು, ನಡಿಗೆ ತೊಡರುವುದು, ಬಿದ್ದ ಅಥವಾ ಅಪಘಾತದ ನಂತರದ ನೋವು, ಜ್ವರದೊಂದಿಗೆ ಕತ್ತು ಸೆಟೆಯುವುದು, ರಾತ್ರಿ ಮಲಗಿದರೂ ತಗ್ಗದ ನೋವು. ಎದೆ ಬಿಗಿತ, ಬೆವರಿನೊಂದಿಗೆ ಎಡ ಹೆಗಲು ನೋಯತೊಡಗಿದರೆ ಅದು ಹೃದಯದ್ದಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೌಲ್ಯಮಾಪನ ಮತ್ತು ಗೃಹಕೆಲಸ

‘ಬಾಟಲಿ ಹಿಡಿದವನು ಏಕೆ ಮೊದಲು ಸೋತ?’, ‘ತಲೆಯ ತೂಕ ಹೆಚ್ಚದೆಯೂ ಕತ್ತಿನ ಹೊರೆ ಹೇಗೆ ಹೆಚ್ಚುತ್ತದೆ?’ ಎಂಬ ಪ್ರಶ್ನೆಗಳಿಗೆ ಮಕ್ಕಳು ಸ್ವಂತ ಮಾತಿನಲ್ಲಿ ಉತ್ತರಿಸಿದರು. ಮನೆಯಲ್ಲಿ ಒಬ್ಬರು ಕೆಲಸ ಮಾಡುವ ಭಂಗಿಯ ಚಿತ್ರ ಬರೆದು, ಆಧಾರ ಬಿಂದು, ಭಾರ, ಬಲಗಳನ್ನು ಗುರುತಿಸಿ, ಸಾಧ್ಯವಾದ ಒಂದು ಬದಲಾವಣೆ ಬರೆಯುವುದು ಗೃಹಕೆಲಸ. ಹೂ ಕಟ್ಟುವುದು, ರಾಗಿ ಕಳೆ ಕೀಳುವುದು, ಹೊಲಿಯುವುದು ಚಿತ್ರಗಳಲ್ಲಿ ಬಂದವು.

ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿ ಚಿತ್ರದ ಕೆಳಗೆ ‘ಅವ್ವನ ಎರಡು ಬೆರಳು ಜೋಮು’ ಎಂದು ಬರೆದಿದ್ದಳು. ಕಾರ್ಖಾನೆಯ ಕಾರ್ಮಿಕರಿಗೆ ಇಎಸ್‌ಐ ವಿಮೆಯಿದ್ದರೆ ತಪಾಸಣೆಗೂ ಔಷಧಿಗೂ ಹಣ ಕೊಡಬೇಕಿಲ್ಲ ಎಂದು ಅವಳಿಗೆ ತಿಳಿಸಿ, ಮಾರ್ಗದರ್ಶಕ ಶಿಕ್ಷಕರ ಮೂಲಕ ಮನೆಗೂ ಹೇಳಿಕಳಿಸಿದೆ. ಮುಂದಿನ ವಾರ ತಾಯಿ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿಬಂದರು. ಅಲ್ಲಿಂದ ಫಿಸಿಯೋಥೆರಪಿಗೆ ಬರೆದುಕೊಟ್ಟರು.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ಖರ್ಚು ಇಲ್ಲ. ಬಾಟಲಿ ಪ್ರಯೋಗಕ್ಕೆ ಈಗಾಗಲೇ ಹೆಗಲು ನೋವಿರುವ ಮಕ್ಕಳನ್ನು ಕರೆಯಬೇಡಿ. ಗೃಹಕೆಲಸವನ್ನು ಓದಿ ಅಂಕ ಹಾಕಿ ಮುಗಿಸಬೇಡಿ. ಲಕ್ಷಣಗಳ ಪಟ್ಟಿಯಲ್ಲಿರುವುದು ಯಾರ ಮನೆಯಲ್ಲಾದರೂ ಕಂಡರೆ ಶಾಲೆಯ ಶಿಕ್ಷಕರಿಗೆ ತಿಳಿಸಿ. ‘ನೆಟ್ಟಗೆ ಕೂತ್ಕೊಳ್ಳಿ’ ಎನ್ನುವ ಬದಲು ಪ್ರತಿ ತರಗತಿಯ ನಡುವೆ ಅರ್ಧ ನಿಮಿಷ ಮಕ್ಕಳನ್ನು ಎದ್ದು ನಿಲ್ಲಿಸಿ ಹೆಗಲು ತಿರುಗಿಸಲು ಬಿಡಿ. ಆ ಅರ್ಧ ನಿಮಿಷದಿಂದ ಪಾಠ ಹಿಂದೆ ಬೀಳುವುದಿಲ್ಲ.